ಏಕಲವ್ಯನ ಹೆಬ್ಬೆರಳಿಗೆ ಶೇಕಡ ಮೂವತ್ತು

ಗುರುದಕ್ಷಿಣೆಯೆಂದು ಬಲಗೈಯ ಹೆಬ್ಬೆರಳನ್ನು ಕತ್ತರಿಸಿ ಮುಂದಿಟ್ಟ ಏಕಲವ್ಯನಿಗೆ ಆದ ನಷ್ಟವೆಷ್ಟು? ತರಗತಿಯಲ್ಲಿ ಈ ಪ್ರಶ್ನೆಯನ್ನೆತ್ತಿದರೆ ವಿದ್ಯಾರ್ಥಿಗಳು ತಡಮಾಡದೆ ಉತ್ತರ ಕೊಡುತ್ತಾರೆ: 'ಎಲ್ಲವೂ ಹೋಯಿತು, ಸಾರ್.' ಬಿಲ್ಲುಗಾರನಿಗೆ ಹೆಬ್ಬೆರಳಿಲ್ಲದ ಮೇಲೆ ಉಳಿಯುವುದಾದರೂ ಏನು? ದ್ರೋಣಾಚಾರ್ಯರಿಗೂ ಅದು ಗೊತ್ತಿತ್ತು, ಗೊತ್ತಿದ್ದೇ ಕೇಳಿದರು. ಆದರೆ ಇದೇ ಪ್ರಶ್ನೆಗೆ ನಮ್ಮ ದೇಶದ ಶಾಸನದಲ್ಲಿ ಬೇರೆಯೇ ಒಂದು ಉತ್ತರ ಅಚ್ಚಾಗಿದೆ. ಒಂದು ಹೆಬ್ಬೆರಳು ಹೋದರೆ ದುಡಿಯುವವನ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ ಮೂವತ್ತು ಪಾಲು ನಷ್ಟ. ಅಷ್ಟೇ.

ಮೂವತ್ತಕ್ಕೂ ನೂರಕ್ಕೂ ನಡುವೆ ಇರುವ ಆ ಎಪ್ಪತ್ತರ ವಿಚಾರ ನನ್ನಂಥ ಕನ್ನಡ ಮೇಷ್ಟರಿಗೆ ತಿಳಿಯುವ ಕಾರಣವೇ ಇರಲಿಲ್ಲ. ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ ಒಂದು ಸಂಜೆ ಇಂಗ್ಲಿಷಿನಲ್ಲಿದ್ದ ಕಾಗದವೊಂದನ್ನು ಹಿಡಿದು ಮನೆಗೆ ಬಂದಳು. 'ಇದರಲ್ಲಿ ಅಪ್ಪನ ಕೈಗೆ ಹನ್ನೆರಡು ಅಂತ ಬರೆದಿದೆ ಸಾರ್. ಹನ್ನೆರಡು ಅಂದರೆ ಏನು?' ಎಂದು ಕೇಳಿದಳು. ಅಂದಿನಿಂದ ಎರಡು ವರ್ಷ ಆ ಕಾಗದದ ಹಿಂದೆ ನಾನೂ ಅಲೆದೆ.

ಆಕೆಯ ತಂದೆ ಮೈಸೂರಿನ ಬೀಟೆಮರದ ಇನ್ಲೇ ಕೆಲಸಗಾರರು. ಬೀದಿಯವರೆಲ್ಲ 'ಆಚಾರ್ರು' ಎಂದು ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅರಮನೆಯ ಅಂಬಾವಿಲಾಸದ ಬಾಗಿಲಲ್ಲಿ ಬೀಟೆಯ ಮೇಲೆ ದಂತ ಕೂರಿಸಿದ ಚಿತ್ತಾರವನ್ನು ವಾಚಕರು ನೋಡಿರಬಹುದು. ಆ ವಿದ್ಯೆಯ ಇಂದಿನ ರೂಪವೇ ಇದು. ದಂತ ಹೋಯಿತು; ಈಗ ಹಲಸು, ಹೊನ್ನೆ ಮೊದಲಾದ ಬಣ್ಣಬಣ್ಣದ ಮರದ ತೆಳು ಚೂರುಗಳು. ಚಿತ್ರವನ್ನು ಕಾಗದದಲ್ಲಿ ಬರೆದು, ತೆಳುಮರಕ್ಕೆ ಅಂಟಿಸಿ, ದಾರದಷ್ಟು ಸಣ್ಣ ಗರಗಸದಿಂದ ಕೊಯ್ದು, ಅಡಿಹಲಗೆಯಲ್ಲಿ ಅಷ್ಟೇ ಆಳದ ಗುಳಿ ತೋಡಿ, ಚೂರನ್ನು ಕೂರಿಸಿ, ಉಜ್ಜಿ, ಮೇಲೆ ಚೂಪುಮೊನೆಯಿಂದ ಆನೆಯ ಕಣ್ಣು, ಹೆಣ್ಣಿನ ಸೆರಗಿನ ನೆರಿಗೆ ಗೀರುವ ಕೆಲಸ. ದಸರಾ ಜಂಬೂಸವಾರಿಯ ಒಂದು ಹಲಗೆಯಲ್ಲಿ ನೂರಾರು ಚೂರುಗಳಿರುತ್ತವೆ. ಕೆಲವು ಅಕ್ಕಿಕಾಳಿಗಿಂತ ದೊಡ್ಡವಲ್ಲ. ಅವನ್ನು ಹಿಡಿಯುವುದು ಹೆಬ್ಬೆರಳು, ತೋರುಬೆರಳುಗಳ ತುದಿ. ನೋಡುವುದಕ್ಕಿಂತ ಹೆಚ್ಚಾಗಿ ಮುಟ್ಟಿಯೇ ಅರಿಯಬೇಕು.

2021ರಲ್ಲಿ ಒಂದು ದಿನ ಕಾರ್ಖಾನೆಯಲ್ಲಿ ಅಡಿಹಲಗೆ ಸೀಳುವಾಗ ಚಕ್ರದ ಗರಗಸ ಒಂದು ಗಂಟಿಗೆ ಬಡಿದು ಹಲಗೆ ಹಿಂದಕ್ಕೆ ಹಾರಿತು. ಆಚಾರ್ರ ಬಲಗೈ ಮುಂದಕ್ಕೆ ಹೋಯಿತು. ಮಣಿಕಟ್ಟಿನ ಒಳಬದಿ ಸೀಳಿ, ಬೆರಳು ಮಡಿಸುವ ಸ್ನಾಯುರಜ್ಜುಗಳೂ ಅಂಗೈಗೆ ಹೋಗುವ ನಡುನರವೂ ತುಂಡಾದವು. ಕಾರ್ಖಾನೆಯೆಂದರೆ ದೊಡ್ಡದೇನೂ ಅಲ್ಲ, ಆರು ಜನ ಕೂತು ಕೆಲಸ ಮಾಡುವ ಒಂದು ಮಾಳಿಗೆ. ಮಾಲೀಕರು ಒಳ್ಳೆಯವರೇ, ತಾವೇ ಆಸ್ಪತ್ರೆಗೆ ಒಯ್ದರು, ಖರ್ಚು ಕೊಟ್ಟರು. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ತಿಂಗಳುಗಟ್ಟಲೆ ಅಂಗಮರ್ದನವೂ ವ್ಯಾಯಾಮವೂ ನಡೆಯಿತು. ಕೈ ಉಳಿಯಿತು. ಐದು ಬೆರಳೂ ಉಳಿದವು. ಸ್ಪರ್ಶ ಮಾತ್ರ ಉಳಿಯಲಿಲ್ಲ. ಹೆಬ್ಬೆರಳು ಉಳಿದ ಬೆರಳುಗಳ ಎದುರಿಗೆ ಬಂದು ನಿಲ್ಲಲಾರದು. ಚೂರನ್ನು ಹಿಡಿದಿದ್ದೇನೆಯೇ, ಬಿಟ್ಟಿದ್ದೇನೆಯೇ ಎಂಬುದನ್ನು ಅವರು ಕಣ್ಣಿನಿಂದ ನೋಡಿ ತಿಳಿಯಬೇಕು.

ಹತ್ತು ಮಂದಿಗಿಂತ ಕಡಮೆ ಕೆಲಸಗಾರರಿದ್ದುದರಿಂದ ಆ ಮಾಳಿಗೆಗೆ ಇ.ಎಸ್.ಐ. ಅನ್ವಯಿಸುತ್ತಿರಲಿಲ್ಲ. ಉಳಿದ ದಾರಿ 1923ರ ಕಾಯಿದೆ. 1924ರ ಜುಲೈ 1ರಂದು ಜಾರಿಗೆ ಬಂದ ಇದನ್ನು ಬಹುಕಾಲ ಕಾರ್ಮಿಕರ ನಷ್ಟಪರಿಹಾರ ಕಾಯಿದೆ ಎಂದು ಕರೆಯುತ್ತಿದ್ದರು. 2010ರಿಂದ ಉದ್ಯೋಗಿಗಳ ನಷ್ಟಪರಿಹಾರ ಕಾಯಿದೆ ಎಂದು ಹೆಸರಾಯಿತು. ಜರ್ಮನಿಯಲ್ಲಿ ಬಿಸ್ಮಾರ್ಕ್ 1884ರಲ್ಲಿ ಇಂಥ ವಿಮೆಯನ್ನು ತಂದಿದ್ದ. ಇಂಗ್ಲೆಂಡು 1897ರಲ್ಲಿ ಕಾಯಿದೆ ಮಾಡಿತು. ಎಲ್ಲ ಕಡೆಯೂ ಹುರುಳು ಒಂದೇ. ತಪ್ಪು ಯಾರದೆಂದು ಜಗಳವಾಡಬೇಡಿ; ಕೆಲಸದಲ್ಲಿ ಪೆಟ್ಟಾಯಿತೆ, ಲೆಕ್ಕ ಹಾಕಿ ಕೊಡಿ. ತಪ್ಪಿನ ಜಗಳ ಹೋಯಿತು ನಿಜ. ಅದರ ಜಾಗಕ್ಕೆ ಲೆಕ್ಕದ ಜಗಳ ಬಂದು ಕುಳಿತಿತು.

ಲೆಕ್ಕ ಹೇಗೆಂದರೆ, ಪೂರ್ಣ ಹಾಗೂ ಶಾಶ್ವತವಾಗಿ ಅಶಕ್ತನಾದವನ ತಿಂಗಳ ಸಂಬಳದಲ್ಲಿ ನೂರಕ್ಕೆ ಅರವತ್ತನ್ನು ತೆಗೆದುಕೊಂಡು, ವಯಸ್ಸಿಗೆ ತಕ್ಕಂತೆ ಪಟ್ಟಿಯಲ್ಲಿ ಕೊಟ್ಟಿರುವ ಒಂದು ಸಂಖ್ಯೆಯಿಂದ ಗುಣಿಸಬೇಕು. ಹದಿನಾರರ ಹುಡುಗನಿಗೆ ಆ ಸಂಖ್ಯೆ 228.54, ಅರವತ್ತೈದು ದಾಟಿದವನಿಗೆ 99.37. ಸಂಬಳ ಎಷ್ಟೇ ಇರಲಿ, 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುತ್ತಿದ್ದುದು ಹೆಚ್ಚೆಂದರೆ 15,000 ರೂಪಾಯಿ. ಅದಕ್ಕೆ ಮೊದಲು ಹತ್ತು ವರ್ಷ 8,000 ಆಗಿತ್ತು. ಆಚಾರ್ರಿಗೆ ಆಗ ನಲವತ್ತು ವರ್ಷ. ಆ ವಯಸ್ಸಿಗೆ 184.17. ಹದಿನೈದು ಸಾವಿರದ ಅರವತ್ತು ಪಾಲು 9,000. ಗುಣಿಸಿದರೆ 16,57,530 ರೂಪಾಯಿ. ಊನ ಭಾಗಶಃ ಆಗಿದ್ದರೆ ಈ ಮೊತ್ತದಲ್ಲಿ ಅಷ್ಟು ಪಾಲು. ನನ್ನ ವಿದ್ಯಾರ್ಥಿನಿ ತಂದ ಕಾಗದದಲ್ಲಿ 'ಬಲತೋಳು 36, ಇಡೀ ದೇಹ 12' ಎಂದಿತ್ತು. ಹನ್ನೆರಡು ಎಂದರೆ 1,98,903 ರೂಪಾಯಿ, ಮೇಲೆ ಅರವತ್ತು ಪೈಸೆ. ಮೂವತ್ತಾರು ಎಂದರೆ ಆರು ಲಕ್ಷಕ್ಕೆ ಸ್ವಲ್ಪ ಕಡಮೆ. ಅವಳ ಪ್ರಶ್ನೆಗೆ ನಾನು ಕಾಗದದ ಅಂಚಿನಲ್ಲಿ ಈ ಗುಣಾಕಾರ ಮಾಡಿ ತೋರಿಸಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು.

ಮೊದಲು ಹೇಳಿದ ಹೆಬ್ಬೆರಳಿನ ಪಟ್ಟಿಗೆ ಬರೋಣ. ಕಾಯಿದೆಯ ಮೊದಲನೆಯ ಅನುಸೂಚಿ ಅದು. ಓದುತ್ತ ಹೋದರೆ ಮೈ ಜುಮ್ಮೆನ್ನುತ್ತದೆ. ಎರಡು ಕೈ ಹೋದರೆ ನೂರು. ಒಂದು ಕೈ, ಒಂದು ಪಾದ ಹೋದರೂ ನೂರು. ಪೂರ್ತಿ ಕಿವುಡಾದರೆ ನೂರು. ಮುಖ ಅತಿಯಾಗಿ ವಿಕಾರವಾದರೂ ನೂರು. ತೋಳು ಭುಜದ ಕೀಲಿನಲ್ಲೇ ಹೋದರೆ ತೊಂಬತ್ತು. ಒಂದು ಹಸ್ತ ಅರವತ್ತು. ಹೆಬ್ಬೆರಳು ಮೂವತ್ತು, ಅದರ ಬುಡದ ಅಂಗೈಮೂಳೆಯೂ ಹೋದರೆ ನಲವತ್ತು. ತೋರುಬೆರಳು ಪೂರ್ತಿ ಹದಿನಾಲ್ಕು, ಎರಡು ಗೆಣ್ಣು ಹನ್ನೊಂದು, ಒಂದು ಗೆಣ್ಣು ಒಂಬತ್ತು, ಮೂಳೆ ಉಳಿದು ತುದಿ ಮಾತ್ರ ಕತ್ತರಿಸಿದರೆ ಐದು. ನಡುಬೆರಳಿಗೆ ಹನ್ನೆರಡು. ಉಂಗುರಬೆರಳು, ಕಿರುಬೆರಳುಗಳಿಗೆ ಏಳೇಳು. ಕಾಲಿನ ಹೆಬ್ಬೆರಳೂ ಕೈಯ ತೋರುಬೆರಳೂ ಇಲ್ಲಿ ಸಮಾನ; ಎರಡಕ್ಕೂ ಹದಿನಾಲ್ಕು. ತೋಳಿನ ಅಳತೆಯಲ್ಲಿ ಒಂದು ಕಡೆ 20.32 ಸೆಂಟಿಮೀಟರು, ಇನ್ನೊಂದು ಕಡೆ 11.43 ಸೆಂಟಿಮೀಟರು ಎಂದು ಕಂಡು ಇದೆಂಥ ಸೂಕ್ಷ್ಮವೆಂದು ಬೆರಗಾದೆ. ಆಮೇಲೆ ಹೊಳೆಯಿತು, ಅವು ಎಂಟು ಅಂಗುಲ ಮತ್ತು ನಾಲ್ಕೂವರೆ ಅಂಗುಲ. ಅಂಗುಲ ಹೋಗಿ ಮೀಟರು ಬಂದಾಗ ಯಾರೋ ಗುಮಾಸ್ತರು ಗುಣಿಸಿ ಬರೆದದ್ದು.

ಪಟ್ಟಿಯನ್ನು ಹಳಿಯುವುದು ಸುಲಭ. ಅದಿಲ್ಲದಿದ್ದರೆ ಪ್ರತಿಯೊಂದು ಬೆರಳಿಗೂ ಹತ್ತು ವರ್ಷ ದಾವೆ ನಡೆಯುತ್ತಿತ್ತು ಎಂಬುದನ್ನೂ ಮರೆಯಬಾರದು. ಅದರ ತೊಡಕು ಬೇರೆ ಎರಡು. ಮೊದಲನೆಯದು, ಅದು ಬಿಲ್ಲುಗಾರನ ಹೆಬ್ಬೆರಳಿಗೂ ಕಾವಲುಗಾರನ ಹೆಬ್ಬೆರಳಿಗೂ ಒಂದೇ ಬೆಲೆ ಕಟ್ಟುತ್ತದೆ. ಎರಡನೆಯದು, ಅದರಲ್ಲಿ ಬಹುಮಟ್ಟಿಗೆ ಕಡಿದು ಹೋದ ಅಂಗಗಳಿಗೇ ಜಾಗ. ಇದ್ದೂ ಇಲ್ಲದಂತಾದ ಅಂಗಕ್ಕೆ, ಮರಗಟ್ಟಿದ ಬೆರಳಿಗೆ, ಬಾಗದ ಮಂಡಿಗೆ, ಎತ್ತಲಾರದ ಬೆನ್ನಿಗೆ ಅದರಲ್ಲಿ ಸಾಲು ಸಿಕ್ಕುವುದಿಲ್ಲ. ಆಚಾರ್ರ ಕೈ ಪಟ್ಟಿಯ ಹೊರಗೆ ನಿಂತಿತು.

ಪಟ್ಟಿಯ ಹೊರಗಿನ ಗಾಯಗಳ ನಷ್ಟವನ್ನು ಯಾರು ಅಳೆಯಬೇಕು? ವೈದ್ಯರು. 1984ರ ತಿದ್ದುಪಡಿಯಿಂದ ಕಾಯಿದೆ ಸ್ಪಷ್ಟವಾಗಿ ಹಾಗೆ ಹೇಳುತ್ತ ಬಂದಿತು: ಅರ್ಹ ವೈದ್ಯನು ಗಳಿಕೆಯ ಶಕ್ತಿ ಎಷ್ಟು ಕುಂದಿತೆಂದು ನಿರ್ಧರಿಸತಕ್ಕದ್ದು, ಹಾಗೆ ನಿರ್ಧರಿಸುವಾಗ ಪಟ್ಟಿಯ ಅಂಕಿಗಳನ್ನೂ ಗಮನದಲ್ಲಿಡತಕ್ಕದ್ದು. ಇಲ್ಲಿದೆ ನೋಡಿ ಸ್ವಾರಸ್ಯ. ಕೀಲು ಎಷ್ಟು ಅಂಶ ಬಾಗುತ್ತದೆಂದು ಡಾಕ್ಟರು ಕೋನಮಾಪಕ ಹಿಡಿದು ಹೇಳಬಲ್ಲರು. ಹಿಡಿತದ ಬಲವೆಷ್ಟೆಂದು ಹಿಡಿಕೆಯಿರುವ ಸಲಕರಣೆಯೊಂದನ್ನು ಹಿಸುಕಿಸಿ ಹೇಳಬಲ್ಲರು. ಚರ್ಮದ ಮೇಲೆ ಎರಡು ಮೊನೆಗಳನ್ನು ಹತ್ತಿರ ಹತ್ತಿರ ಇಟ್ಟು ಒಂದೋ ಎರಡೋ ಎಂದು ಕೇಳಿ ಸ್ಪರ್ಶವನ್ನು ಅಳೆಯಬಲ್ಲರು. ಆದರೆ ಇನ್ಲೇ ಕೆಲಸಕ್ಕೆ ಯಾವ ಬೆರಳು ಎಷ್ಟು ಬೇಕು, ನಲವತ್ತು ದಾಟಿದ ಏಳನೆಯ ತರಗತಿಯ ಮನುಷ್ಯನಿಗೆ ಮೈಸೂರಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ, ಎಷ್ಟಕ್ಕೆ ಕೊಡುತ್ತಾರೆ? ಇದನ್ನು ವೈದ್ಯಕೀಯ ಕಾಲೇಜಿನಲ್ಲಿ ಕಲಿಸುವುದಿಲ್ಲ. ಆದ್ದರಿಂದ ಡಾಕ್ಟರು ತಮಗೆ ಗೊತ್ತಿರುವುದನ್ನು ಅಳೆದು ಬರೆಯುತ್ತಾರೆ; ಓದುವವರು ಅದನ್ನೇ ಇನ್ನೊಂದರ ಅಳತೆಯೆಂದು ತಿಳಿಯುತ್ತಾರೆ.

ಮೂವತ್ತಾರು ಹನ್ನೆರಡಾದದ್ದು ಹೇಗೆ? ನಮ್ಮ ಕಡೆಯ ನ್ಯಾಯಸ್ಥಾನಗಳಲ್ಲಿ, ಅದರಲ್ಲೂ ವಾಹನಾಪಘಾತದ ದಾವೆಗಳಲ್ಲಿ ಬೇರೂರಿರುವ ಒಂದು ರೂಢಿಯಿದೆ. ಒಂದು ಕೈ ಅಥವಾ ಕಾಲಿಗೆ ಆದ ಊನದ ಮೂರನೆಯ ಒಂದು ಪಾಲನ್ನು ಇಡೀ ದೇಹದ ಊನವೆಂದು ಹಿಡಿಯುವುದು. ಸುಲಭವಾದ ಲೆಕ್ಕ, ಡಾಕ್ಟರಿಗೂ ವಕೀಲರಿಗೂ ಬಾಯಿಪಾಠ. ಇಡೀ ದೇಹದ ದೃಷ್ಟಿಯಿಂದ ಅದು ಸುಳ್ಳೂ ಅಲ್ಲದಿರಬಹುದು. ಆದರೆ ಆಚಾರ್ರು ಇಡೀ ದೇಹದಿಂದ ಚಿತ್ರ ಕೊರೆಯುತ್ತಿರಲಿಲ್ಲ.

ಕನ್ನಡ ಓದಿಸುವವನ ಚಪಲದಿಂದ ಒಂದು ಮಾತು. 'ಅಂಗವಿಕಲತೆ' ಎಂಬ ಒಂದೇ ಪದವನ್ನು ನಾವು ಎರಡು ಬೇರೆ ಸಂಗತಿಗಳಿಗೆ ಬಳಸುತ್ತಿದ್ದೇವೆ. ದೇಹಕ್ಕಾದದ್ದು ಊನ, ದುಡಿಮೆಗಾದದ್ದು ನಷ್ಟ. ಊನ ಅಂಗಕ್ಕೆ, ನಷ್ಟ ಬಾಳಿಗೆ. ಸರ್ಕಾರ ಕೊಡುವ ಅಂಗವಿಕಲರ ಗುರುತು ಚೀಟಿಗೆ ಊನದ ಅಳತೆ ಸಾಕು. ಅಲ್ಲಿ ನೂರಕ್ಕೆ ನಲವತ್ತು ಮುಟ್ಟಿದರೆ ಮೀಸಲಾತಿ ಮೊದಲಾದ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಅದಕ್ಕೆಂದು ಸರ್ಕಾರ ಹೊರಡಿಸಿದ ಮಾರ್ಗಸೂಚಿಗಳೂ ಇವೆ. ಅದೇ ಮಾರ್ಗಸೂಚಿಯ ಅಂಕಿಯನ್ನು ತಂದು ಪರಿಹಾರದ ದಾವೆಯಲ್ಲಿ ಇಟ್ಟಾಗ, ಸೇರಿನಲ್ಲಿ ಅಳೆದ ಅಕ್ಕಿಯನ್ನು ಗಜದಲ್ಲಿ ಮಾರಿದಂತಾಗುತ್ತದೆ.

ವಿಚಾರಣೆಯ ದಿನ ನಾನೂ ಹೋಗಿದ್ದೆ. ಆಪರೇಷನ್ ಮಾಡಿದ ಡಾಕ್ಟರು ಸಾಕ್ಷಿಗೆ ಬರಲಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಹೊರರೋಗಿಗಳ ಸಾಲನ್ನು ಬಿಟ್ಟು ಒಂದು ದಿನವೆಲ್ಲ ನ್ಯಾಯಸ್ಥಾನದ ಮೊಗಸಾಲೆಯ ಬೆಂಚಿನಲ್ಲಿ ಕೂತು, ಸಂಜೆಗೆ 'ಇನ್ನೊಂದು ತಾರೀಖಿಗೆ ಬನ್ನಿ' ಎನ್ನಿಸಿಕೊಂಡು ಹೋಗುವುದು ಯಾರಿಗೆ ಬೇಕು? ಬಂದವರು ಕಾಗದ ಕೊಟ್ಟ ಇನ್ನೊಬ್ಬ ಡಾಕ್ಟರು, ಮಿತಭಾಷಿ. ವಿಮಾ ಕಂಪೆನಿಯ ವಕೀಲರು ಪಾಟೀಸವಾಲಿಗೆ ಎದ್ದರು.

'ಇವರಿಗೆ ಚಿಕಿತ್ಸೆ ಮಾಡಿದವರು ನೀವೋ?'

'ಅಲ್ಲ.'

'ಎಷ್ಟು ಸಾರಿ ಪರೀಕ್ಷಿಸಿದ್ದೀರಿ?'

'ಎರಡು ಸಾರಿ.'

'ಐದು ಬೆರಳೂ ಇವೆಯಷ್ಟೆ?'

'ಇವೆ.'

'ಎಡಗೈ, ಎರಡು ಕಾಲು, ಕಣ್ಣು, ಕಿವಿ ಸರಿಯಾಗಿವೆ?'

'ಇವೆ.'

'ಹಾಗಾದರೆ ಬೇರೆ ಕೆಲಸ ಮಾಡಲು ಅಡ್ಡಿಯಿಲ್ಲ?'

ಡಾಕ್ಟರು ಒಂದು ಗಳಿಗೆ ಸುಮ್ಮನಿದ್ದು, 'ಬೇರೆ ಕೆಲಸ ಮಾಡಬಹುದು' ಎಂದರು. ಬರೆದುಕೊಂಡಾಯಿತು.

ಆ ವಕೀಲರು ದುಷ್ಟರೇನೂ ಅಲ್ಲ. ತಮ್ಮ ಕೆಲಸ ಮಾಡಿದರು. ಕೇಳಿದ ಒಂದೊಂದು ಪ್ರಶ್ನೆಗೂ ಸಿಕ್ಕಿದ ಉತ್ತರ ಸತ್ಯವೇ. ಹಾಗಿದ್ದೂ ಆ ಎಲ್ಲ ಸತ್ಯಗಳನ್ನು ಕೂಡಿಸಿದಾಗ ಬಂದ ಚಿತ್ರ ಆಚಾರ್ರದಾಗಿರಲಿಲ್ಲ. ನಮ್ಮ ಕಡೆಯ ವಕೀಲರು ಎದ್ದು, ಸ್ಪರ್ಶದ ವಿಷಯವನ್ನು ಎದುರಿಗೇ ತೋರಿಸಬಹುದೆ ಎಂದು ಆಯುಕ್ತರನ್ನು ಕೇಳಿದರು. ಅನುಮತಿ ಸಿಕ್ಕಿತು. ಡಾಕ್ಟರು ಆಚಾರ್ರಿಗೆ ಕಣ್ಣು ಮುಚ್ಚಲು ಹೇಳಿ, ಮೇಜಿನ ಮೇಲಿದ್ದ ಕಡತದ ಟ್ಯಾಗನ್ನು ಅವರ ಬಲಗೈ ಬೆರಳುಗಳ ನಡುವೆ ಇಟ್ಟು, 'ಏನಿದು?' ಎಂದರು. ಆಚಾರ್ರು ಬಹಳ ಯೋಚಿಸಿದರು. 'ಏನಾದರೂ ಇಟ್ಟಿದ್ದೀರಾ ಸ್ವಾಮಿ?' ಎಂದು ಕೇಳಿದರು. ಆಯುಕ್ತರು ಅದನ್ನೂ ಬರೆಸಿಕೊಂಡರು.

ಈ ಜಗಳ ಹೊಸದಲ್ಲ. ಒಡಿಶಾದ ಜಯಪುರವೆಂಬ ಊರಿನಲ್ಲಿ 1968ರಲ್ಲಿ ಚಿತ್ರಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು ಎಡತೋಳನ್ನು ಕಳೆದುಕೊಂಡ. ಮಾಲೀಕನ ವಾದ ಪಟ್ಟಿಯ ವಾದ: ಇದು ಭಾಗಶಃ ಊನ, ಆದ್ದರಿಂದ ಪೂರ್ತಿ ಕೊಡಬೇಕಾಗಿಲ್ಲ. ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳು 1975ರ ಡಿಸೆಂಬರಿನಲ್ಲಿ ಅದನ್ನು ತಳ್ಳಿಹಾಕಿದರು. ಬಡಗಿಕೆಲಸ ಒಂದೇ ಕೈಯಿಂದ ಆಗುವುದಲ್ಲ. ಬಡಗಿಗೆ ಒಂದು ಕೈ ಹೋದರೆ ನಷ್ಟ ನೂರಕ್ಕೆ ನೂರು. ಎಷ್ಟು ಸರಳವಾದ ಮಾತು! ಯಾವ ಹಳ್ಳಿಯ ಜಗುಲಿಯಲ್ಲಾದರೂ ಕೂತು ಕೇಳಿದರೆ ಇದೇ ತೀರ್ಪು ಸಿಗುತ್ತಿತ್ತು.

ಆದರೂ ಮತ್ತೆ ಮತ್ತೆ ಹೇಳಬೇಕಾಯಿತು. 2002ರಲ್ಲಿ ಆಯನೂರಿನಿಂದ ಶಿವಮೊಗ್ಗಕ್ಕೆ ಟ್ಯಾಂಕರು ಓಡಿಸಿಕೊಂಡು ಬರುತ್ತಿದ್ದ ಚಾಲಕನೊಬ್ಬನಿಗೆ ಎದುರಿನಿಂದ ಬಂದ ಟ್ರಾಕ್ಟರು ಬಡಿದು, ಬಲಗಾಲನ್ನು ಮಂಡಿಯವರೆಗೆ ಕತ್ತರಿಸಬೇಕಾಯಿತು. ಆಯುಕ್ತರು ನೂರಕ್ಕೆ ನೂರೆಂದು ಹಿಡಿದು 2,49,576 ರೂಪಾಯಿ ಪರಿಹಾರ ವಿಧಿಸಿದರು. ಪ್ರಕರಣ ಬೆಂಗಳೂರಿಗೆ ಹೋಯಿತು. ಪಟ್ಟಿಯ ಪ್ರಕಾರ ಅಂಥ ಕಾಲಿಗೆ ಅರವತ್ತು. ಡಾಕ್ಟರು ಹೇಳಿದ್ದು ಅರವತ್ತೈದು. ಉಚ್ಚ ನ್ಯಾಯಾಲಯ ಅರವತ್ತೈದಕ್ಕೆ ಇಳಿಸಿತು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಡಿಶಾದ ಬಡಗಿಯನ್ನು ನೆನೆದು, ಬಲಗಾಲಿಲ್ಲದವನು ಟ್ಯಾಂಕರು ಹೇಗೆ ಓಡಿಸುತ್ತಾನೆಂದು ಯೋಚಿಸಿ, ಮತ್ತೆ ನೂರಕ್ಕೆ ನೂರು ಮಾಡಿತು. ಅಪಘಾತದಿಂದ ಆ ತೀರ್ಪಿಗೆ ಆರು ವರ್ಷ.

2010ರ ಅಕ್ಟೋಬರಿನ ಇನ್ನೊಂದು ತೀರ್ಪನ್ನು ಇಲ್ಲಿ ಹೆಸರಿಸದೆ ಇರಲಾರೆ. ಅದು ವಾಹನಾಪಘಾತದ ದಾವೆ. ಬರೆದವರು ಮೊದಲು ನಮ್ಮ ಉಚ್ಚ ನ್ಯಾಯಾಲಯದಲ್ಲೇ ನ್ಯಾಯಮೂರ್ತಿಗಳಾಗಿದ್ದ ಆರ್. ವಿ. ರವೀಂದ್ರನ್. ಊನ ಬೇರೆ, ಗಳಿಕೆಯ ನಷ್ಟ ಬೇರೆ ಎಂಬುದನ್ನು ಇಷ್ಟು ಬಿಡಿಸಿ ಹೇಳಿದ ಬರೆಹವನ್ನು ನಾನು ಬೇರೆಲ್ಲೂ ಓದಿಲ್ಲ. ಎಡಗೈ ಹೋದ ಚಾಲಕನಿಗೆ, ಬಡಗಿಗೆ ಬಹುಶಃ ಎಲ್ಲವೂ ಹೋದಂತೆ. ಅದೇ ಎಡಗೈ ಹೋದ ಸರ್ಕಾರಿ ಗುಮಾಸ್ತನ ಸಂಬಳ ನಿಲ್ಲದೆ ಇರಬಹುದು. ಡಾಕ್ಟರು ಊನದ ಮಟ್ಟವನ್ನು ಹೇಳಲಿ. ಅದರಿಂದ ಈ ಮನುಷ್ಯನ ದುಡಿಮೆ ಎಷ್ಟು ಕೆಟ್ಟಿತೆಂಬುದನ್ನು ಅವನ ವೃತ್ತಿ, ವಯಸ್ಸು, ವಿದ್ಯೆಗಳನ್ನು ನೋಡಿ ನ್ಯಾಯಾಧೀಶರು ನಿರ್ಧರಿಸಲಿ. ಚಿಕಿತ್ಸೆ ಮಾಡದ ಡಾಕ್ಟರುಗಳಿಂದ ಸಿದ್ಧವಾಗಿ ಸಿಕ್ಕುವ ಸರ್ಟಿಫಿಕೇಟುಗಳ ವಿಷಯದಲ್ಲಿ ಎಚ್ಚರಿಕೆಯಿರಲೆಂದೂ, ಚಿಕಿತ್ಸೆ ಮಾಡಿದ ಡಾಕ್ಟರನ್ನು ಕರೆಸಿದರೆ ಕಾಯಿಸದೆ ಸಾಕ್ಷ್ಯ ಪಡೆಯಬೇಕೆಂದೂ ಆ ತೀರ್ಪಿನಲ್ಲಿದೆ. ಮೊಗಸಾಲೆಯ ಆ ಬೆಂಚನ್ನು ಬರೆದವರು ಕಂಡಿದ್ದಿರಬೇಕು.

ಸಿದ್ಧ ಸರ್ಟಿಫಿಕೇಟಿನ ಮಾತು ಬಂದದ್ದರಿಂದ ಎದುರುಪಕ್ಷದ ಸಂಕಟವನ್ನೂ ಹೇಳಿಬಿಡಬೇಕು. ಗೀರಿದ ಗಾಯವನ್ನು ಶಾಶ್ವತ ಊನವೆಂದು ಬರೆಯಿಸಿ ತರುವವರು ಇಲ್ಲದಿಲ್ಲ. ಕೇಳಿದಷ್ಟು ಅಂಕಿ ಕೊಡುವ ವೈದ್ಯರೂ ಇಲ್ಲದಿಲ್ಲ. ಹೀಗಾಗಿ ನ್ಯಾಯಾಧೀಶರ ಮನಸ್ಸಿನಲ್ಲಿ ಪ್ರತಿಯೊಂದು ಕಾಗದದ ಮೇಲೂ ಒಂದು ನೆರಳು ಬೀಳುತ್ತದೆ. ಮೂವತ್ತಾರೆಂದು ಕಂಡರೆ ಇಪ್ಪತ್ತಿರಬಹುದೆಂದು ಅಂದಾಜು ಮಾಡುತ್ತಾರೆ. ಸುಳ್ಳುಗಾರನು ಮೊದಲೇ ಅರವತ್ತು ಬರೆಯಿಸಿರುತ್ತಾನೆ. ಕತ್ತರಿಯಿಂದ ಪೆಟ್ಟಾಗುವುದು ಇದ್ದದ್ದನ್ನು ಇದ್ದಂತೆ ಬರೆದವನಿಗೆ.

ಕಾಯಿಲೆಗಳ ವಿಷಯದಲ್ಲಿ ತೊಡಕು ಇನ್ನೂ ಆಳ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಮಿಕ್ಕ ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯ ಶ್ವಾಸಕೋಶದಲ್ಲಿ ಕಲ್ಲಿನ ದೂಳಿನ ರೋಗ ಕಂಡಿತು. ಕಡಿದ ಬೆರಳನ್ನು ಯಾರಾದರೂ ಕಾಣಬಹುದು. ಎದೆಯೊಳಗಿನ ದೂಳನ್ನು ಎಕ್ಸ್‌-ರೇ ಹಾಳೆಯಲ್ಲಿ ಓದಬಲ್ಲವರೇ ಓದಬೇಕು. ಅದು ದೂಳೋ ಕ್ಷಯವೋ ಎಂಬ ಸಂಶಯಕ್ಕೂ ಎಡೆಯುಂಟು. ಅದು ಬೇರೆಯೇ ಒಂದು ಲೇಖನದ ವಸ್ತು.

ಕಾಯಿದೆಯ ಸ್ಥಿತಿ ಈಗ ಬದಲಾಗಿದೆ. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ನೂರೊಂದು ವರ್ಷ ನಡೆದ ಹಳೆಯ ಕಾಯಿದೆಯ ಜಾಗವನ್ನು ತೆಗೆದುಕೊಂಡಿದೆ. ಆಯುಕ್ತರು ಅಲ್ಲಿ ಸಕ್ಷಮ ಪ್ರಾಧಿಕಾರಿ ಆಗಿದ್ದಾರೆ. ಮೊದಲನೆಯ ಅನುಸೂಚಿ ನಾಲ್ಕನೆಯದಾಗಿದೆ. ಪಟ್ಟಿ ಮಾತ್ರ ಅದೇ ಜಾಡಿನದು. ಪಟ್ಟಿಯ ಹೊರಗಿನ ಗಾಯಕ್ಕೆ ಈಗಲೂ ವೈದ್ಯರ ಅಳತೆಯನ್ನೇ ಕಾಯಬೇಕು.

ಇದೆಲ್ಲ ಕಾರ್ಖಾನೆಯವರ ಪಾಡು, ನಮಗೇಕೆ ಎಂದು ವಾಚಕರು ಪುಟ ತಿರುವುವ ಮುನ್ನ ಒಂದು ವಿಷಯ. ಮನೆ ಕಟ್ಟುವ, ರಿಪೇರಿ ಮಾಡುವ ಕೆಲಸಗಾರರೂ ಈ ಕಾಯಿದೆಯ ಪಟ್ಟಿಯಲ್ಲಿದ್ದರು. 'ನಾಲ್ಕು ದಿನಕ್ಕೆ ಬಂದ ಆಳು' ಎಂದು ಕೈತೊಳೆದುಕೊಳ್ಳಲು ಇದ್ದ ಸಂದು 2000ದ ತಿದ್ದುಪಡಿಯಲ್ಲಿ ಮುಚ್ಚಿತು. ಸಾರುವೆಯಿಂದ ಗಾರೆಯವನು ಬಿದ್ದರೆ ಆ ದಿನ ಕೊಟ್ಟ ಔಷಧದ ಹಣದಿಂದ ಲೆಕ್ಕ ಮುಗಿಯದಿರಬಹುದು. ಪೆಟ್ಟು ತಿಂದವರಿಗೆ ನೆರವಾಗಬೇಕೆನ್ನುವವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಕಾಗದಗಳನ್ನು ಜೋಪಾನ ಮಾಡುವುದು. ಮೊದಲ ದಿನದ ಗಾಯದ ಚೀಟಿ, ಆಪರೇಷನ್ನಿನ ವಿವರ, ಬಿಡುಗಡೆಯ ಕಾಗದ, ಎಕ್ಸ್‌-ರೇ. ಚಿಕಿತ್ಸೆ ಮಾಡಿದ ಡಾಕ್ಟರಿಂದಲೇ, ಗಾಯ ಮಾಗಿ ಇನ್ನು ಸುಧಾರಿಸದೆಂದು ಖಚಿತವಾದ ಮೇಲೆ, ಊನದ ಕಾಗದ ಬರೆಯಿಸುವುದು. ಆ ಕಾಗದದಲ್ಲಿ ಅಂಕಿಯ ಜೊತೆಗೆ ಈ ಮನುಷ್ಯನ ಕೆಲಸ ಯಾವುದು, ಅದರಲ್ಲಿ ಏನನ್ನು ಇನ್ನು ಮಾಡಲಾರ ಎಂಬ ಎರಡು ಸಾಲು ಇರುವಂತೆ ಬೇಡಿಕೊಳ್ಳುವುದು. ದಾವೆಗೆ ಎರಡು ವರ್ಷದ ಅವಧಿ ಎಂಬುದನ್ನೂ ಮರೆಯದಿರುವುದು. ಆಚಾರ್ರ ಮೊದಲ ಗಾಯದ ಚೀಟಿ ಮನೆಯಲ್ಲಿ ಹಾಲಿನ ಲೆಕ್ಕ ಬರೆಯಲು ಬಳಕೆಯಾಗಿತ್ತು, ಪುಣ್ಯಕ್ಕೆ ಹಿಂಬದಿಯಲ್ಲಿ.

2024ರಲ್ಲಿ ಆಜ್ಞೆಯಾಯಿತು. ಆಯುಕ್ತರು ಹನ್ನೆರಡನ್ನೂ ಒಪ್ಪಲಿಲ್ಲ, ನೂರನ್ನೂ ಒಪ್ಪಲಿಲ್ಲ. ಇನ್ಲೇ ಕೆಲಸ ಇನ್ನು ಇವರಿಂದ ಆಗದು. ಆದರೆ ಉಜ್ಜುವುದು, ಪಾಲಿಷ್ ಕೊಡುವುದು ಮುಂತಾದ ಅಗ್ಗದ ಕೆಲಸ ಮಾಡಬಲ್ಲರು ಎಂದು ಹೇಳಿ ನೂರಕ್ಕೆ ಅರವತ್ತು ನಿಗದಿ ಮಾಡಿದರು. 9,94,518 ರೂಪಾಯಿ ಮತ್ತು ಬಡ್ಡಿ. ಕಂಪೆನಿಯವರು ಮೇಲಕ್ಕೆ ಹೋಗಬಹುದಿತ್ತು; ಆದರೆ ಕಾನೂನಿನ ಮುಖ್ಯ ಪ್ರಶ್ನೆಯಿದ್ದ ಹೊರತು ಉಚ್ಚ ನ್ಯಾಯಾಲಯ ಇಂಥ ಅಂಕಿಗಳಲ್ಲಿ ಕೈಯಿಡುವಂತಿಲ್ಲ, ವಾಸ್ತವಾಂಶಗಳ ಮಟ್ಟಿಗೆ ಆಯುಕ್ತರದೇ ಕೊನೆಯ ಮಾತು ಎಂದು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಹೇಳಿತ್ತು. ಅವರು ಹೋಗಲಿಲ್ಲ. ಅರವತ್ತು ಸರಿಯೋ ತಪ್ಪೋ? ನನ್ನನ್ನು ಕೇಳಿದರೆ ಇನ್ನೂ ಹೆಚ್ಚಿರಬೇಕಿತ್ತು. ಆಚಾರ್ರು ಈಗ ಅದೇ ಮಾಳಿಗೆಯಲ್ಲಿ, ತಾವು ಕಲಿಸಿದ ಹುಡುಗರು ಕೂರಿಸಿದ ಆನೆಗಳಿಗೆ ಸ್ಯಾಂಡ್‌ಪೇಪರು ಉಜ್ಜುತ್ತಾರೆ. ಬರುವುದು ಮೊದಲಿನ ಕೂಲಿಯ ಅರ್ಧಕ್ಕೂ ಕಡಮೆ.

ಹಣ ಖಾತೆಗೆ ಬಂದ ವಾರ ಬ್ಯಾಂಕಿಗೆ ನಾನೂ ಜೊತೆಗೆ ಹೋದೆ. ಮಗಳ ಶುಲ್ಕಕ್ಕೆಂದು ಸ್ವಲ್ಪ ಹಣ ತೆಗೆಯಬೇಕಾಗಿತ್ತು. ಆಚಾರ್ರು ಎಡಗೈಯಲ್ಲಿ ನಿಧಾನವಾಗಿ ರುಜು ಹಾಕಿದರು. ಕಿಟಕಿಯ ಯುವಕ ಹಳೆಯ ಮಾದರಿಯನ್ನು ಯಂತ್ರದಲ್ಲಿ ನೋಡಿ, 'ರುಜು ಹೊಂದುತ್ತಿಲ್ಲ' ಎಂದ. ಹಳೆಯ ರುಜು ಗುಂಡುಗುಂಡಾಗಿ, ಚಿತ್ತಾರದ ಹಾಗಿತ್ತು. ಬಲಗೈ ಆಡುವುದಿಲ್ಲವೆಂದು ಮಗಳು ವಿವರಿಸಿ, ಜೊತೆಗಿದ್ದ ಡಾಕ್ಟರ ಕಾಗದವನ್ನು ತೋರಿಸಿದಳು. ಯುವಕ ಮರ್ಯಾದೆಯಿಂದಲೇ ಅದನ್ನು ಪೂರ್ತಿ ಓದಿದ.

'ಇಡೀ ದೇಹಕ್ಕೆ ಹನ್ನೆರಡು ಅಂತಿದೆಯಲ್ಲ ಯಜಮಾನರೇ. ಹನ್ನೆರಡಕ್ಕೆ ರುಜು ಹಾಕೋದಕ್ಕೆ ಆಗಲ್ಲವಾ?'

ಮಗಳು ಏನೋ ಹೇಳಲು ಹೋದಳು. ಆಚಾರ್ರು ಅವಳ ಭುಜ ಮುಟ್ಟಿ ತಡೆದು, ಶಾಯಿಯ ಪೆಟ್ಟಿಗೆ ಕೇಳಿ ತೆಗೆದುಕೊಂಡು, ಕಾಗದದ ಮೇಲೆ ಎಡಗೈಯ ಹೆಬ್ಬೆಟ್ಟು ಒತ್ತಿದರು.